ಎರಡು ಬಕೆಟ್ ನೀರು

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಧಾರವಾಡ ಕಡೆಯ ಒಂದು ಕುಟುಂಬವಿದೆ. ಮೀರಾ ರೋಡಿನ ಈ ಕಟ್ಟಡದಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ, ಅವರದು ಮತ್ತು ನಮ್ಮದು. ಹಾಗಾಗಿ ಅವರ ರೊಟ್ಟಿ, ಶೇಂಗಾ ಚಟ್ನಿ ನಮ್ಮಲ್ಲಿಗೆ ಬರುತ್ತದೆ, ನಮ್ಮ ಸಾನ್ನಾ ಅವರಲ್ಲಿಗೆ ಹೋಗುತ್ತದೆ. 2025ರ ಸೆಪ್ಟೆಂಬರ್ 7ರಂದು ರೋಮಿನಲ್ಲಿ ಕಾರ್ಲೊ ಅಕುಟಿಸ್ ಎಂಬ ಹುಡುಗನನ್ನು ಸಂತನೆಂದು ಘೋಷಿಸಿದರಲ್ಲ, ಜೀನ್ಸ್ ತೊಟ್ಟ ಆ ಹುಡುಗನ ಚಿತ್ರವನ್ನು ಮನೆಯಾಕೆ ಮೊಬೈಲಿನಲ್ಲಿ ನೋಡಿದ್ದಳು. ಅವನು 2006ರಲ್ಲಿ, ಹದಿನೈದನೇ ವಯಸ್ಸಿಗೇ ತೀರಿಕೊಂಡವನು. ಪಾತ್ರೆ ವಾಪಸು ಕೊಡಲು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು: "ಅಕ್ಕಾರ, ನಿಮ್ಮಾಗ ಸಂತ ಅನಿಸ್ಕೋಬೇಕಂದ್ರ ಎರಡು ಪವಾಡ ಆಗಬೇಕಂತಲ್ಲ? ಹಂಗಾದ್ರ ದಿನಾ ಭಾಂಡೆ ತಿಕ್ಕೋರ ಗತಿ ಏನ್ರಿ?"

ತಮಾಷೆಗೆ ಕೇಳಿದ್ದು. ಆದರೆ ನಾನು ಉತ್ತರ ಹೇಳಹೊರಟೆ, ಅದು ಬಾಗಿಲಲ್ಲಿ ನಿಂತು ಮುಗಿಯುವಂಥದಲ್ಲ ಎಂದು ತಿಳಿದು ಅವಳಿಗೆ ಚಹಾ ಕೊಟ್ಟೆ. ಅಂದು ಹೇಳಿದ್ದು, ಹೇಳದೆ ಉಳಿದದ್ದು ಎರಡೂ ಈ ತಿಂಗಳ ಅಂಕಣಕ್ಕೆ.

ಪವಾಡದ ಲೆಕ್ಕ ನಿಜ. ರಕ್ತಸಾಕ್ಷಿಯಾಗಿ ಸತ್ತವರ ವಿಷಯ ಬೇರೆ. ಉಳಿದವರಿಗೆ ಸಾಮಾನ್ಯವಾಗಿ ಪುನೀತ ಎಂದು ಸಾರಲು ಒಂದು, ಸಂತ ಎಂದು ಸಾರಲು ಇನ್ನೊಂದು ಪವಾಡವನ್ನು ರೋಮಿನವರು ಪರೀಕ್ಷಿಸಿ ಒಪ್ಪಬೇಕು. ಆದರೆ ಆ ಪರೀಕ್ಷೆ ಇರುವುದು ಸಾರುವುದಕ್ಕೆ, ಸಂತರಾಗುವುದಕ್ಕಲ್ಲ. ಹೆಸರು ಪಟ್ಟಿಗೆ ಸೇರದ, ಯಾರೂ ಅರ್ಜಿ ಹಾಕದ ಸಂತರ ಸಂಖ್ಯೆಯೇ ದೊಡ್ಡದು ಎಂದು ನಮ್ಮ ಸಭೆ ನಂಬುತ್ತದೆ. ನವೆಂಬರ್ 1ರಂದು ಸಕಲ ಸಂತರ ಹಬ್ಬ ಎಂದು ಆಚರಿಸುವಾಗ ಅವರೂ ಅದರಲ್ಲಿ ಸೇರಿರುತ್ತಾರೆ. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸಭೆಯ ಸ್ವರೂಪದ ಬಗ್ಗೆ ಹೊರಡಿಸಿದ ಪ್ರಮುಖ ದಾಖಲೆಯಲ್ಲಿ ಒಂದು ಇಡೀ ಅಧ್ಯಾಯವನ್ನು ಇದಕ್ಕೇ ಮೀಸಲಿಟ್ಟಿತು. ಪಾವಿತ್ರ್ಯದ ಕರೆ ಗುರುಗಳಿಗೂ ಮಠದವರಿಗೂ ಮಾತ್ರವಲ್ಲ, ಸಂಸಾರಸ್ಥರಿಗೂ ದುಡಿಯುವವರಿಗೂ ಅಷ್ಟೇ ಸಮಾನ ಎಂಬುದು ಅದರ ತಿರುಳು. 2018ರಲ್ಲಿ ಪೋಪ್ ಫ್ರಾನ್ಸಿಸ್ ಅದೇ ವಿಷಯಕ್ಕೆ ಒಂದು ಪತ್ರ ಬರೆದು ಪಕ್ಕದ ಮನೆಯ ಸಂತರ ಮಾತು ತೆಗೆದರು. ಪೇಟೆಗೆ ಹೋದ ಹೆಂಗಸೊಬ್ಬಳು ಚಾಡಿ ಮಾತು ಶುರುವಾದಾಗ ಅದಕ್ಕೆ ಸೇರದೆ ಇರುವುದು, ದಣಿದು ಮನೆಗೆ ಬಂದವಳು ಮಗುವಿನ ಮಾತಿಗೆ ಕಿವಿಗೊಟ್ಟು ಕೂರುವುದು, ಅವರು ಕೊಟ್ಟ ಉದಾಹರಣೆಗಳು ಇಷ್ಟು ಸಣ್ಣವು.

ಮುಂಬಯಿಯಲ್ಲಿ ಕೆಥೊಲಿಕರ ಭಕ್ತಿ ಎಂದರೆ ನಿಮ್ಮ ಕಣ್ಣಿಗೆ ಬೀಳುವುದು ಬೇರೆಯೇ. ಬುಧವಾರ ಮಾಹಿಮ್ ಚರ್ಚಿನ ನೊವೆನಾ, ಎಲ್ಲ ಧರ್ಮದವರೂ ನಿಂತ ಸಾಲು. ಸೆಪ್ಟೆಂಬರಿನಲ್ಲಿ ಬಾಂದ್ರಾದ ಮೌಂಟ್ ಮೇರಿ ಜಾತ್ರೆ, ಅಲ್ಲಿ ಕೈ, ಕಾಲು, ಮನೆ ಇವುಗಳ ಆಕಾರದಲ್ಲಿ ಮಾರುವ ಮೇಣದ ಹರಕೆಗಳು. ನಾನೂ ಹೋಗುತ್ತೇನೆ, ಹೋಗಬಾರದೆಂದು ಯಾರಿಗೂ ಹೇಳುವುದಿಲ್ಲ. ಕಾರ್ಕಳದ ಅತ್ತೂರು ಜಾತ್ರೆಯ ಜನಜಂಗುಳಿಯಲ್ಲಿ ಬೆಳೆದವಳಿಗೆ ಜನ ಸೇರುವುದೆಂದರೆ ಇಷ್ಟವೇ. ಆದರೆ ಹರಕೆ ಮುಗಿಸಿ ಲೋಕಲ್ ಹಿಡಿದು ಮನೆಗೆ ಬಂದ ಮೇಲೆ ಅಲ್ಲಿ ಕಾದಿರುವ ಕೆಲಸಗಳಿವೆಯಲ್ಲ, ಅವಕ್ಕೂ ದೇವರಿಗೂ ಸಂಬಂಧವಿದೆಯೇ ಎಂಬ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಅತ್ತೆಯಿಂದ ಬಂತು.

ಮಾವ ತೀರಿಕೊಂಡ ಮೇಲೆ ಅವರು ಊರಿನ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದರು. ಈಗ ಅವರಿಗೆ 84. ಮರೆವಿನ ಕಾಯಿಲೆ. ನಾವು ಅವರನ್ನು ಕರೆಯುವುದು ಮಾಂಯ್ ಎಂದು. ಮಗನನ್ನು ಕೆಲವೊಮ್ಮೆ ತಮ್ಮ ಅಣ್ಣನೆಂದುಕೊಳ್ಳುತ್ತಾರೆ. ನಾನು ಯಾರೆಂದು ಅವರಿಗೆ ಹೊಳೆಯದೆ ವರ್ಷ ಎರಡಾಯಿತು, "ಬಾಯಿ, ನಿಮ್ಮ ಊರು ಯಾವುದು?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾರೆ. ಎದ್ದು ನಡೆಯುವುದು ಕಷ್ಟ, ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಡೈಪರ್ ಹಾಕಿದರೆ ಕಿತ್ತೆಸೆಯುತ್ತಾರೆ. ಅವರಿಗೆ ಕುಚ್ಚಲಕ್ಕಿ ಗಂಜಿಯೇ ಆಗಬೇಕು, ಅದೂ ಊರಿನ ಹಾಗೆ ಕುದಿಯಬೇಕು. ಗಂಜಿಯ ಕೆಲಸ ನನ್ನ ಗಂಡನದು. ನಿವೃತ್ತಿಯಾದ ಮೇಲೆ ಅವರು ಕಲಿತ ಮೊದಲ ಅಡುಗೆ ಅದು.

ಇಷ್ಟೆಲ್ಲ ಮರೆತರೂ ತೇರ್ಸ್ ಮರೆತಿಲ್ಲ. ತೇರ್ಸ್ ಎಂದರೆ ಜಪಸರ, ನಮ್ಮ ಕೊಂಕಣಿ ಮನೆಗಳಲ್ಲಿ ಸಂಜೆ ಎಲ್ಲರೂ ಅಲ್ತಾರಿನ ಮುಂದೆ ಕೂತು ಹೇಳುವ ಪ್ರಾರ್ಥನೆ. ಮುಗಿದ ಮೇಲೆ ಕಿರಿಯರು ಹಿರಿಯರ ಬಳಿ ಬೆಸಾಂವ್ ಕೇಳುತ್ತಾರೆ, ಅಂದರೆ ಆಶೀರ್ವಾದ. ಮಂಗಳೂರು ಕಡೆಯ ಕ್ರೈಸ್ತರ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. 1938ರಿಂದ ಮಂಗಳೂರಿನಿಂದ ಬರುವ ರಾಕ್ಣೊ ವಾರಪತ್ರಿಕೆಯೂ ಕನ್ನಡ ಅಕ್ಷರದ್ದೇ. ಮಾಂಯ್ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲಿ ಜೀವನಪೂರ್ತಿ ಕೊಂಕಣಿ ಪ್ರಾರ್ಥನೆ ಓದಿದರು. ಈಗ ಓದುವುದಿಲ್ಲ, ಬಾಯಿಗೆ ಬರುತ್ತದೆ. ಆದರೆ ಎಣಿಕೆ ತಪ್ಪುತ್ತದೆ. ಹತ್ತು ನಮಾನ್ ಮರಿಯೆ ಹೇಳಬೇಕಾದ ಕಡೆ ಹದಿನಾರಾಗುತ್ತದೆ, ಮೂರನೇ ರಹಸ್ಯಕ್ಕೆ ಬಂದವರು ಮತ್ತೆ ಒಂದಕ್ಕೆ ಹೋಗುತ್ತಾರೆ. ಇಪ್ಪತ್ತು ನಿಮಿಷದ ತೇರ್ಸ್ ನಲವತ್ತು ನಿಮಿಷವಾಗುತ್ತದೆ. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ದೇವರೇ ಗತಿ.

ಇನ್ನು ಬಕೆಟ್ಟಿನ ವಿಷಯ. ನಮ್ಮ ಧರ್ಮಕೇಂದ್ರದಲ್ಲಿ ಬಲಿಪೂಜೆಯ ಬಿಳಿ ವಸ್ತ್ರಗಳನ್ನು ಒಗೆಯುವುದು ಕೆಲವು ಹೆಂಗಸರ ಪಾಳಿ. ತಿಂಗಳಲ್ಲಿ ಒಂದು ವಾರ ನನ್ನದು. ಪಾನಪಾತ್ರೆ ಒರೆಸುವ ಸಣ್ಣ ವಸ್ತ್ರಗಳು, ಬಲಿಪೀಠದ ಮೇಲೆ ಹಾಸುವ ಚೌಕದ ವಸ್ತ್ರಗಳು. ಇವನ್ನು ಬೇರೆ ಬಟ್ಟೆಯ ಜೊತೆ ಮೆಷಿನ್ನಿಗೆ ಹಾಕುವ ಹಾಗಿಲ್ಲ. ಪರಮಪ್ರಸಾದದ ತುಣುಕು, ದ್ರಾಕ್ಷಾರಸದ ಹನಿ ಅದರಲ್ಲಿ ಉಳಿದಿರಬಹುದು, ಅದು ಕ್ರಿಸ್ತನ ಶರೀರ ಮತ್ತು ರಕ್ತವೆಂಬುದು ನಮ್ಮ ವಿಶ್ವಾಸ. ಆದ್ದರಿಂದ ಮೊದಲು ಬರಿ ನೀರಿನಲ್ಲಿ ನೆನೆಸಬೇಕು, ಆ ನೀರನ್ನು ಮೋರಿಗೆ ಚೆಲ್ಲದೆ ಮಣ್ಣಿಗೆ ಹಾಕಬೇಕು. ಹಳೆಯ ಚರ್ಚುಗಳ ಪೂಜಾಸಾಮಗ್ರಿಯ ಕೋಣೆಯಲ್ಲಿ ಇದಕ್ಕೆಂದೇ ಒಂದು ತೊಟ್ಟಿ ಇರುತ್ತದೆ, ಅದರ ಕೊಳವೆ ಚರಂಡಿಗೆ ಹೋಗದೆ ನೇರ ನೆಲಕ್ಕಿಳಿಯುತ್ತದೆ. ನಾಲ್ಕನೇ ಮಹಡಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಮಣ್ಣೆಲ್ಲಿಂದ ಬರಬೇಕು? ಕಿಟಕಿಯ ಗ್ರಿಲ್ಲಿನಲ್ಲಿ ಒಂದು ಕರಿಬೇವು, ಒಂದು ಮಲ್ಲಿಗೆ ಇವೆ. ಆ ನೀರು ಅವಕ್ಕೆ.

ನಮ್ಮಲ್ಲಿ ನೀರು ಬರುವುದು ಹೊತ್ತಿಗೆ ಸರಿಯಾಗಿ, ನಿಲ್ಲುವುದೂ ಹಾಗೆಯೇ. ಅಷ್ಟರೊಳಗೆ ಎಲ್ಲ ತುಂಬಿಕೊಳ್ಳಬೇಕು. ಹಾಗಾಗಿ ನನ್ನ ಪಾಳಿಯ ವಾರ ಬಚ್ಚಲಲ್ಲಿ ಎರಡು ಬಕೆಟ್ ಪಕ್ಕಪಕ್ಕ ಇರುತ್ತವೆ. ನೀಲಿಯದರಲ್ಲಿ ಚರ್ಚಿನ ಬಟ್ಟೆ, ಕೆಂಪಿನದರಲ್ಲಿ ಮಾಂಯ್ ಅವರ ರಾತ್ರಿಯ ಹಾಸುಬಟ್ಟೆ. ಒಂದನ್ನು ಹೇಗೆ ಮುಟ್ಟಬೇಕು, ಹೇಗೆ ಹಿಂಡಬೇಕು, ನೀರೆಲ್ಲಿಗೆ ಹೋಗಬೇಕು ಎಂಬುದಕ್ಕೆ ಬರೆದಿಟ್ಟ ನಿಯಮಗಳಿವೆ. ಇನ್ನೊಂದಕ್ಕೆ ಡೆಟ್ಟಾಲ್ ಬಾಟಲಿಯ ಮೇಲಿನ ಸೂಚನೆ ಬಿಟ್ಟರೆ ಏನೂ ಇಲ್ಲ. ಒಂದನ್ನು ಇಸ್ತ್ರಿ ಮಾಡಿ ಕೊಟ್ಟರೆ ಫಾದರ್ ಥ್ಯಾಂಕ್ಸ್ ಹೇಳುತ್ತಾರೆ, ವಾರ್ಷಿಕ ಹಬ್ಬದಲ್ಲಿ ನಮ್ಮ ಗುಂಪಿನ ಹೆಸರು ಓದುತ್ತಾರೆ. ಇನ್ನೊಂದು ಮರುದಿನ ಬೆಳಿಗ್ಗೆ ಮತ್ತೆ ಅಲ್ಲೇ ಇರುತ್ತದೆ. ಹಸಿದವನಿಗೆ ಕೊಟ್ಟದ್ದು, ಕಾಯಿಲೆಯವನನ್ನು ನೋಡಿಕೊಂಡದ್ದು ನನಗೇ ಮಾಡಿದ್ದು ಎಂದು ಕ್ರಿಸ್ತ ಹೇಳಿದ್ದನ್ನು ಮತ್ತಾಯನ ಸುವಾರ್ತೆಯಲ್ಲಿ ಓದಿದವರಿಗೆ ಎರಡು ಬಕೆಟ್ಟಿನ ನಡುವೆ ಅಷ್ಟೇನೂ ದೂರವಿಲ್ಲ. ಓದಿದ್ದು ಬೆಳಗಿನ ಐದೂವರೆಗೆ, ಆ ವಾಸನೆಯ ನಡುವೆ ನೆನಪಾಗುತ್ತದೆಯೇ ಎಂಬುದು ಬೇರೆ ಮಾತು. ಎಲ್ಲ ದಿನವೂ ಆಗುವುದಿಲ್ಲ.

ನೆನಪಾಗದ ದಿನಗಳಿಗೆಂದೇ ನನಗೊಬ್ಬ ಸಂತನಿದ್ದಾನೆ. ಮುಂಬಯಿಯವರಿಗೆ ಹೇಳಿ ಮಾಡಿಸಿದವನು: ವಾಚ್‌ಮನ್. ಸ್ಪೇನಿನ ಸೆಗೋವಿಯಾ ಊರಿನ ಉಣ್ಣೆ ವ್ಯಾಪಾರಿಯ ಮಗ ಅಲ್ಫೋನ್ಸ್ ರೊಡ್ರಿಗಸ್. ಹದಿನಾರನೇ ಶತಮಾನದವನು. ಅಪ್ಪನ ವ್ಯಾಪಾರ ಕೈಗೆ ಬಂತು, ಅದು ನೆಲಕಚ್ಚಿತು. ಹೆಂಡತಿ ಸತ್ತಳು, ಮಕ್ಕಳೂ ಒಬ್ಬೊಬ್ಬರಾಗಿ ಸತ್ತರು. ನಲವತ್ತರ ಹತ್ತಿರ ಬಂದ ಮೇಲೆ ಯೇಸುಸಭೆ ಸೇರಲು ಹೋದ. ಓದು ಸಾಲದು, ಆರೋಗ್ಯ ಸಾಲದು. ಗುರುವಾಗಲು ಅರ್ಹನಲ್ಲವೆಂದು ಕೊನೆಗೆ 1571ರಲ್ಲಿ ಸಾಮಾನ್ಯ ಸಹೋದರನಾಗಿ ತೆಗೆದುಕೊಂಡರು, ಮಯೋರ್ಕಾ ದ್ವೀಪದ ಪಾಲ್ಮಾದಲ್ಲಿದ್ದ ತಮ್ಮ ಕಾಲೇಜಿಗೆ ಕಳಿಸಿದರು. ಅಲ್ಲಿ ಅವನಿಗೆ ಸಿಕ್ಕ ಕೆಲಸ ಬಾಗಿಲು ಕಾಯುವುದು. ಬಂದವರನ್ನು ಒಳಗೆ ಬಿಡುವುದು, ಯಾರನ್ನು ಕಾಣಬೇಕೋ ಅವರನ್ನು ಹುಡುಕಿ ಕರೆತರುವುದು, ಚೀಟಿ ಮುಟ್ಟಿಸುವುದು, ಭಿಕ್ಷೆಗೆ ಬಂದವರಿಗೆ ಇದ್ದದ್ದು ಕೊಡುವುದು. ದಶಕಗಳ ಕಾಲ ಇದೇ. ಗಂಟೆ ಹೊಡೆದಾಗಲೆಲ್ಲ ಬಾಗಿಲಾಚೆ ನಿಂತವನು ಸ್ವಾಮಿಯೇ ಎಂದು ಭಾವಿಸಿ, ಬಂದೆ ಎಂದು ಅವನಿಗೇ ಉತ್ತರ ಕೊಡುತ್ತ ಹೋಗಿ ತೆರೆಯುತ್ತಿದ್ದನಂತೆ. ತೆರೆದರೆ ನಿಂತಿರುತ್ತಿದ್ದವನು ಊರಿನ ಯಾರೋ ಒಬ್ಬ.

ನಮ್ಮ ಮನೆಯ ಬೆಲ್ ದಿನಕ್ಕೆ ಎಷ್ಟು ಸಲ ಹೊಡೆಯುತ್ತದೆ ಎಂದು ನಾನು ಒಮ್ಮೆ ಎಣಿಸಿದೆ. ಹಾಲು, ಕಸ, ಕೊರಿಯರ್, ಗ್ಯಾಸು, ಸೊಸೈಟಿಯ ಬಿಲ್ಲು, ಪಕ್ಕದ ಮನೆಗೆ ಬಂದು ತಪ್ಪಿ ಒತ್ತಿದವರು, ಹತ್ತು ನಿಮಿಷದಲ್ಲಿ ಕೊತ್ತಂಬರಿ ತಲುಪಿಸುವ ಹುಡುಗರು. ಹದಿನೇಳು. ಹದಿನೇಳು ಸಲವೂ ಸ್ವಾಮಿ ಎಂದು ಅಂದುಕೊಳ್ಳುವುದು ನನ್ನಿಂದಾಗುವ ಕೆಲಸವಲ್ಲ. ಮೂರೋ ನಾಲ್ಕೋ ಸಲ ಆಗುತ್ತದೆ. ಆ ಹುಡುಗರು ಹೆಲ್ಮೆಟ್ ತೆಗೆಯಲೂ ಪುರಸೊತ್ತಿಲ್ಲದೆ ಮೆಟ್ಟಿಲು ಹತ್ತಿ ಬಂದಿರುತ್ತಾರೆ, ನಮ್ಮ ಲಿಫ್ಟ್ ಕೆಟ್ಟಿರುವ ದಿನವಂತೂ ಏದುಸಿರು. ಒಂದು ಲೋಟ ನೀರು ಕೊಡಲು ಧರ್ಮಶಾಸ್ತ್ರ ಓದಿರಬೇಕಾಗಿಲ್ಲ.

ಆ ಬಾಗಿಲಿನಿಂದ ಏನಾಯಿತು ಎಂದು ಕೇಳಿದರೆ ಒಂದು ದೊಡ್ಡ ಕತೆಯೂ ಇದೆ. ಕಾಲೇಜಿಗೆ ಓದಲು ಬಂದ ಪೀಟರ್ ಕ್ಲಾವರ್ ಎಂಬ ತರುಣ ಈ ಮುದಿ ಬಾಗಿಲುಕಾವಲಿನವನ ಬಳಿ ಬಂದು ಕೂರುತ್ತಿದ್ದ. ಸಮುದ್ರದಾಚೆ ಅಮೆರಿಕಕ್ಕೆ ಹೋಗು ಎಂದು ಹೇಳಿದವನು ಈ ಮುದುಕನೇ. ಕ್ಲಾವರ್ ಹೋದ, ಈಗಿನ ಕೊಲಂಬಿಯಾದ ಕಾರ್ತಹೇನಾ ಬಂದರಿನಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರ ಆರೈಕೆಯಲ್ಲಿ ಸುಮಾರು ನಲವತ್ತು ವರ್ಷ ಕಳೆದ. 1888ರಲ್ಲಿ ಪೋಪ್ 13ನೇ ಲಿಯೋ ಇಬ್ಬರನ್ನೂ ಒಂದೇ ದಿನ ಸಂತರೆಂದು ಸಾರಿದರು. ಈ ಕತೆ ಹೇಳುವವರೆಲ್ಲ ಕ್ಲಾವರ್‌ನ ಸಾಧನೆಯಲ್ಲಿ ಮುಗಿಸುತ್ತಾರೆ. ಬಾಗಿಲು ಕಾದದ್ದಕ್ಕೆ ಕೊನೆಗೂ ಒಂದು ಪ್ರತಿಫಲ ಬಂತು ಎಂಬ ಸಮಾಧಾನ ಅವರಿಗೆ. ಕ್ಲಾವರ್ ಆ ಕಾಲೇಜಿಗೆ ಬಾರದೆ ಹೋಗಿದ್ದರೂ ಅಲ್ಫೋನ್ಸ್ ಅಷ್ಟೇ ಸಂತನಾಗಿರುತ್ತಿದ್ದ ಎಂಬುದು ನನ್ನ ವಾದ. ಅವನ ಬಾಗಿಲಿಗೆ ಬಂದ ಉಳಿದ ಸಾವಿರಾರು ಜನರ ಹೆಸರು ಯಾರಿಗೂ ಗೊತ್ತಿಲ್ಲ, ಅವರಿಗೂ ಬಾಗಿಲು ತೆರೆದಿತ್ತು.

ಸಣ್ಣ ಕೆಲಸದ ವಿಷಯ ಬಂದರೆ ನಮ್ಮವರು ಕೂಡಲೇ ಹೆಸರಿಸುವುದು ಲಿಸಿಯೂದ ಸಂತ ತೆರೇಸಾಳನ್ನು. ಫ್ರಾನ್ಸಿನ ಕಾರ್ಮೆಲ್ ಮಠಕ್ಕೆ ಹದಿನೈದಕ್ಕೆ ಸೇರಿ 1897ರಲ್ಲಿ ಇಪ್ಪತ್ತನಾಲ್ಕಕ್ಕೆ ಕ್ಷಯದಿಂದ ಸತ್ತವಳು. ಬಾಂದ್ರಾದಲ್ಲಿ ಅವಳ ಹೆಸರಿನ ಚರ್ಚೇ ಇದೆ. ಗುಲಾಬಿ ಹಿಡಿದ ಚಿತ್ರ ನೋಡಿ ಮೃದು ಹುಡುಗಿ ಅಂದುಕೊಳ್ಳುತ್ತೇವೆ. ಅವಳ ಆತ್ಮಕಥೆ ಓದಿದರೆ ಹಾಗೆ ಕಾಣುವುದಿಲ್ಲ. ಜಪಸರ ಹೇಳುವುದು ತನಗೆ ಎಷ್ಟು ಕಷ್ಟ ಎಂದು ಬರೆದುಕೊಂಡಿದ್ದಾಳೆ. ಧ್ಯಾನದ ಹೊತ್ತಿನಲ್ಲಿ ನಿದ್ದೆ ಬರುತ್ತಿತ್ತಂತೆ. ಮಠದಲ್ಲಿ ಸೇಂಟ್ ಪಿಯರ್ ಎಂಬ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು, ಸಂಜೆ ಪ್ರಾರ್ಥನೆಯ ನಡುವೆ ಅವರನ್ನು ಊಟದ ಕೋಣೆಗೆ ನಡೆಸಿಕೊಂಡು ಹೋಗುವ ಕೆಲಸವನ್ನು ಇವಳು ತಾನಾಗಿ ವಹಿಸಿಕೊಂಡಳು. ಆ ಮುದುಕಿಗೆ ಎಲ್ಲವೂ ಒಂದು ಕ್ರಮದಲ್ಲೇ ಆಗಬೇಕು. ಸ್ಟೂಲನ್ನು ಹೀಗೇ ಸರಿಸಬೇಕು, ಸೊಂಟಪಟ್ಟಿ ಹಿಡಿದು ಹಿಂದೆ ಬರಬೇಕು, ಬೇಗ ನಡೆದರೆ ಬೀಳುತ್ತೇನೆ ಎನ್ನುತ್ತಾರೆ, ನಿಧಾನವಾದರೆ ಕೈಬಿಟ್ಟೆಯಾ ಎನ್ನುತ್ತಾರೆ, ಇಷ್ಟು ಚಿಕ್ಕವಳು ನನ್ನನ್ನು ಹೇಗೆ ಹಿಡಿದೀಯೆ ಎಂದು ಗೊಣಗುತ್ತಾರೆ. ಕೂರಿಸಿ, ತೋಳು ಮಡಚಿ ಕೊಟ್ಟು ಬಂದರೆ ಮುಗಿಯಿತು. ಕೆಲವು ದಿನಗಳ ಮೇಲೆ ತೆರೇಸಾಳಿಗೆ ಕಂಡಿತು, ಆಕೆಗೆ ರೊಟ್ಟಿ ಕತ್ತರಿಸಲೂ ಕಷ್ಟ. ಅಂದಿನಿಂದ ರೊಟ್ಟಿ ಕತ್ತರಿಸಿಕೊಟ್ಟು, ಒಂದು ನಗು ಕೊಟ್ಟು ಬರತೊಡಗಿದಳು. ಒಂದು ಚಳಿಗಾಲದ ಸಂಜೆ ಹಾಗೆ ನಡೆಸಿಕೊಂಡು ಹೋಗುವಾಗ ದೂರದಿಂದ ಸಂಗೀತ ಕೇಳಿಸಿತು. ದೀಪ ಬೆಳಗುವ ದೊಡ್ಡ ಮನೆ, ಒಳ್ಳೆಯ ಬಟ್ಟೆ ತೊಟ್ಟ ತರುಣಿಯರು ಕಣ್ಣಿಗೆ ಬಂದರು. ಕೈಯಲ್ಲಿ ಹಿಡಿದದ್ದು ನರಳುವ ಮುದುಕಿ. ಬದಲಾಯಿಸಿಕೊಳ್ಳುವ ಮನಸ್ಸು ತನಗೆ ಬರಲಿಲ್ಲ ಎಂದು ಬರೆದಿದ್ದಾಳೆ. ಮಾಂಯ್ ಅವರನ್ನು ಬಚ್ಚಲಿಗೆ ನಡೆಸುವಾಗ ಪಕ್ಕದ ಕಟ್ಟಡದ ಹಾಲ್‌ನಿಂದ ಮದುವೆಯ ಡಿಜೆ ಕೇಳುತ್ತಿರುತ್ತದೆ. ನನಗೆ ಬದಲಾಯಿಸಿಕೊಳ್ಳುವ ಮನಸ್ಸು ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. 1997ರಲ್ಲಿ ಇವಳನ್ನು ಸಭೆಯ ಪಂಡಿತೆ ಎಂದು, ಅಗಸ್ಟೀನ್, ಅಕ್ವಿನಾಸರ ಸಾಲಿನಲ್ಲಿ ಸೇರಿಸಿದರು. ಅವಳ ಪಾಂಡಿತ್ಯದಲ್ಲಿ ಆ ರೊಟ್ಟಿಯೂ ಸೇರಿತ್ತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳದಿದ್ದರೆ ಈ ಬರಹ ಅಪಾಯಕಾರಿ. ಸಣ್ಣ ಕೆಲಸದಲ್ಲಿ ದೇವರಿದ್ದಾನೆ ಎಂಬ ಮಾತನ್ನು ಹೆಚ್ಚು ಸಲ ಯಾರು ಯಾರಿಗೆ ಹೇಳುತ್ತಾರೆ ಗಮನಿಸಿ. ಕೂತವರು ನಿಂತವರಿಗೆ ಹೇಳುತ್ತಾರೆ. ತಾಯಂದಿರ ದಿನದ ಪ್ರವಚನದಲ್ಲಿ ಅಡುಗೆಮನೆ ಒಂದು ದೇವಾಲಯ ಎಂದು ಕೇಳಿ ಭಾವುಕರಾದ ಗಂಡಸರು ಮನೆಗೆ ಬಂದು ಆ ದೇವಾಲಯದ ಕಡೆ ತಲೆ ಹಾಕುವುದಿಲ್ಲ. ಹದಿಮೂರನೇ ಶತಮಾನದ ಇಟಲಿಯ ಲುಕ್ಕಾ ಊರಿನಲ್ಲಿ ಜೀಟಾ ಎಂಬ ಕೆಲಸದಾಕೆ ಇದ್ದಳು. ಹನ್ನೆರಡನೇ ವಯಸ್ಸಿಗೆ ಒಂದು ಶ್ರೀಮಂತ ಮನೆಗೆ ಕೆಲಸಕ್ಕೆ ಸೇರಿ 1272ರಲ್ಲಿ ಸಾಯುವವರೆಗೂ ಅದೇ ಮನೆಯಲ್ಲಿ ದುಡಿದಳು. ಮನೆಕೆಲಸದವರ ಪಾಲಕ ಸಂತೆ. ಅವಳನ್ನು ನೆನೆದು ಯಜಮಾನರು ತಮ್ಮ ಮನೆಯ ಬಾಯಿಗೆ ತಾಳ್ಮೆ ಬೋಧಿಸುವುದುಂಟು. ಯಾರ ಕೈ ನೀರಿನಲ್ಲಿದೆಯೋ ಅವಳು ಅದನ್ನು ಪ್ರಾರ್ಥನೆ ಎಂದು ಕರೆದುಕೊಳ್ಳಬಹುದು. ನೋಡುತ್ತ ನಿಂತವನಿಗೆ ಹಾಗೆ ಕರೆಯುವ ಹಕ್ಕಿಲ್ಲ. ಇದರಲ್ಲಿ ನಾನು ರಾಜಿಯಾಗುವವಳಲ್ಲ. ಬಾಗಿಲುಕಾವಲಿನವನನ್ನು ಸಂತನೆಂದು ಸಾರಿದ ಅದೇ 13ನೇ ಲಿಯೋ ಮೂರು ವರ್ಷಗಳ ನಂತರ, 1891ರಲ್ಲಿ, ಕಾರ್ಮಿಕರ ಬಗ್ಗೆ ಒಂದು ವಿಶ್ವಪತ್ರ ಬರೆದರು. ನ್ಯಾಯವಾದ ಕೂಲಿ ಕೊಡಬೇಕು, ಭಾನುವಾರ ವಿರಾಮ ಕೊಡಬೇಕು ಎಂದು ಅದರಲ್ಲಿದೆ. ಎರಡನ್ನೂ ಜೊತೆಗೇ ಓದಬೇಕು.

ಕನ್ನಡದವರಿಗೆ ಇದು ತಿಳಿಯದ ಸಂಗತಿಯಲ್ಲ. ಕಾಯಕದ ಮಾತು ಕೇಳಿ ಬೆಳೆದವರು ನಾವು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ತಂದನಂತೆ. ಇದು ಆಸೆ, ಹೋಗಿ ಅಲ್ಲೇ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ನಮ್ಮ ಕನ್ನಡ ಮೇಷ್ಟ್ರು ಈ ಕತೆ ಹೇಳಿದಾಗ ನಾನು ಲಕ್ಕಮ್ಮನ ಪಕ್ಷ ಹಿಡಿದವಳು ಈಗಲೂ ಅವಳದೇ ಪಕ್ಷ. ಕೆಲಸ ದೊಡ್ಡದು ಎನ್ನುವುದರ ಜೊತೆಗೆ ಯಾರ ಪಾಲು ಎಷ್ಟು ಎಂಬ ಲೆಕ್ಕವನ್ನೂ ಅವಳು ಬಿಡಲಿಲ್ಲ.

ಲೆಕ್ಕದ ಮಾತು ಬಂದದ್ದರಿಂದ ನಮ್ಮ ವಾರ್ಡಿನ ಒಬ್ಬ ಹೆಂಗಸಿನ ವಿಷಯ ಹೇಳಬೇಕು. ಗಂಡನಿಗೆ ಪಾರ್ಶ್ವವಾಯು ಬಡಿದು ಮಲಗಿದವರು ಎದ್ದಿಲ್ಲ. ಮಗ ಕೆನಡಾದಲ್ಲಿದ್ದಾನೆ, ದುಡ್ಡು ಕಳಿಸುತ್ತಾನೆ. ಎರಡು ವರ್ಷದಿಂದ ಅವರು ಭಾನುವಾರದ ಪೂಜೆಗೆ ಬಂದಿಲ್ಲ. ಪರಮಪ್ರಸಾದವನ್ನು ಮನೆಗೆ ಒಯ್ಯುವ ನಮ್ಮ ಚರ್ಚಿನ ಸೇವಕರ ಜೊತೆ ನಾನು ಒಮ್ಮೆ ಹೋದಾಗ ಗಂಡನಿಗೆ ಕೊಡಿಸಿದರು, ತಾವು ಹಿಂದೆ ಸರಿದು ನಿಂತರು. ಆಮೇಲೆ ಅಡುಗೆಮನೆಯಲ್ಲಿ ನನ್ನ ಹತ್ತಿರ ಹೇಳಿದರು: "ಪೂಜೆ ತಪ್ಪಿಸುತ್ತಾ ಬಂದವಳು ನಾನು. ಈಗ ತಾನೇ ಚಹಾ ಬೇರೆ ಕುಡಿದಿದ್ದೇನೆ. ಯಾವ ಮುಖ ಇಟ್ಟುಕೊಂಡು ತೆಗೆದುಕೊಳ್ಳಲಿ?" ನಮ್ಮಲ್ಲಿ ಭಾನುವಾರದ ಪೂಜೆ ಕಡ್ಡಾಯ, ಬೇಕೆಂದೇ ತಪ್ಪಿಸುವುದು ಗಂಭೀರ ಪಾಪ. ಪರಮಪ್ರಸಾದಕ್ಕೆ ಮೊದಲು ಒಂದು ಗಂಟೆ ನೀರು, ಔಷಧ ಬಿಟ್ಟು ಏನೂ ಸೇವಿಸುವಂತಿಲ್ಲ. ಅವರು ಚಿಕ್ಕಂದಿನಲ್ಲಿ ಕಲಿತದ್ದು ಅಷ್ಟು, ಮುಂದಿನದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಮುಂದಿನದೂ ಬರಹದಲ್ಲಿದೆ. 1983ರ ಧರ್ಮಸಭಾ ಕಾನೂನಿನ 919ನೇ ವಿಧಿ ಉಪವಾಸದ್ದು. ಅದರ ಕೊನೆಯ ಭಾಗದಲ್ಲಿ ವಯಸ್ಸಾದವರಿಗೆ, ಕಾಯಿಲೆಯವರಿಗೆ, ಮತ್ತು ಅವರನ್ನು ನೋಡಿಕೊಳ್ಳುವವರಿಗೆ ಈ ಒಂದು ಗಂಟೆಯ ನಿಯಮದಿಂದ ವಿನಾಯಿತಿ. ನೋಡಿಕೊಳ್ಳುವವರನ್ನು ಕಾಯಿಲೆಯವರ ಜೊತೆ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಆ ಸಾಲು ಬರೆದವರ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದಿರಬೇಕು ಎಂದು ನನಗೆ ಅನಿಸುವುದುಂಟು. ಹಾಸಿಗೆ ಹಿಡಿದವರ ಪಕ್ಕದಲ್ಲಿರುವವಳು ಗಡಿಯಾರ ನೋಡಿ ಚಹಾ ಕುಡಿಯಲಾರಳು, ಸಿಕ್ಕಾಗ ಕುಡಿಯುತ್ತಾಳೆ. ಭಾನುವಾರದ ಕಡ್ಡಾಯಕ್ಕೂ ಹಾಗೆಯೇ. 1992ರ ಧರ್ಮೋಪದೇಶ ಗ್ರಂಥ ಗಂಭೀರ ಕಾರಣವಿದ್ದವರಿಗೆ ವಿನಾಯಿತಿ ಎಂದು ಹೇಳಿ ಉದಾಹರಣೆ ಕೊಡುವುದು ಕಾಯಿಲೆ ಮತ್ತು ಎಳೆಮಕ್ಕಳ ಆರೈಕೆ. ಆ ದಿನ ಹಾಸಿಗೆಯ ಪಕ್ಕ ಇರುವುದೇ ಆಕೆಯ ಕರ್ತವ್ಯ, ಅಲ್ಲಿ ಇದ್ದದ್ದಕ್ಕೆ ಪಾಪನಿವೇದನೆ ಬೇಕಿಲ್ಲ. ನಾನು ಹೇಳಿದರೆ ನಂಬಲಾರರೆಂದು ಫಾದರ್ ಅವರನ್ನೇ ಕರೆದುಕೊಂಡು ಹೋದೆ. ಅವರು ಕೂತು, ನಿಧಾನವಾಗಿ, ಪುಸ್ತಕ ತೆರೆದೇ ತೋರಿಸಿದರು. ಎರಡು ವರ್ಷ ಇದ್ದ ಭಾರ ಅದು. ಅವರು ಅತ್ತದ್ದನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಅದರ ಮುಂದಿನ ವಾರ ಗಂಡ ಹೆಂಡತಿ ಇಬ್ಬರೂ ಪರಮಪ್ರಸಾದ ತೆಗೆದುಕೊಂಡರು. ಇದನ್ನು ಓದುವ ಕೆಥೊಲಿಕ ಬಂಧುಗಳಲ್ಲಿ ಇಂಥವರು ಇದ್ದರೆ, ಅಥವಾ ನಿಮ್ಮ ಕಟ್ಟಡದಲ್ಲಿ ಇಂಥವರನ್ನು ಬಲ್ಲಿರಾದರೆ, ದಯವಿಟ್ಟು ಈ ಎರಡು ಸಾಲು ಅವರಿಗೆ ಮುಟ್ಟಿಸಿ.

ವಿನಾಯಿತಿ ಇದೆ ಎಂದು ಸುಮ್ಮನಾದರೆ ಸಾಲದು ಎಂಬುದು ನಮ್ಮ ವಾರ್ಡಿನವರಿಗೆ ಆಮೇಲೆ ಹೊಳೆಯಿತು. ಈಗ ತಿಂಗಳಿಗೆ ಎರಡು ಭಾನುವಾರ ಯಾರಾದರೊಬ್ಬರು ಆ ಮನೆಯಲ್ಲಿ ಒಂದೂವರೆ ಗಂಟೆ ಕೂರುತ್ತಾರೆ, ಆಕೆ ಪೂಜೆಗೆ ಹೋಗಿ ಬರುತ್ತಾರೆ. ಅವರು ಹೋಗುವ ಮೊದಲು ಔಷಧದ ಡಬ್ಬಿ ತೋರಿಸಿ ಹತ್ತು ಸೂಚನೆ ಕೊಡುತ್ತಾರೆ, ಸೇಂಟ್ ಪಿಯರ್ ಸಿಸ್ಟರ್ ನೆನಪಾಗುತ್ತಾರೆ.

ನಮ್ಮ ಮನೆಯಲ್ಲೂ ಭಾನುವಾರದ ಹೊಂದಾಣಿಕೆ ಇದೆ. ಮಾಂಯ್ ಅವರನ್ನು ನೋಡಿಕೊಳ್ಳಲು ಜಾರ್ಖಂಡಿನ ಗುಮ್ಲಾ ಕಡೆಯ ಹುಡುಗಿಯೊಬ್ಬಳು ಇದ್ದಾಳೆ. ಅವಳೂ ಕೆಥೊಲಿಕಳು, ಆ ಕಡೆಯ ಆದಿವಾಸಿ ಹುಡುಗಿಯರು ದೆಹಲಿ, ಮುಂಬಯಿಗಳಲ್ಲಿ ಎಷ್ಟು ಮನೆಗಳಲ್ಲಿ ಇದ್ದಾರೆಂದು ಡಿಸೆಂಬರ್ 24ರ ರಾತ್ರಿ ಚರ್ಚಿನ ಹಿಂದಿನ ಬೆಂಚುಗಳನ್ನು ನೋಡಿದರೆ ತಿಳಿಯುತ್ತದೆ. ಏಜೆನ್ಸಿಯವರು ಭಾನುವಾರ ರಜೆ ಕೊಡಬೇಕಿಲ್ಲ, ಹದಿನೈದು ದಿನಕ್ಕೊಮ್ಮೆ ಅರ್ಧ ದಿನ ಸಾಕು ಎಂದಿದ್ದರು. ನನ್ನ ಗಂಡ ಆ ಕಾಗದದಲ್ಲಿ ಅದನ್ನು ಹೊಡೆದುಹಾಕಿ ವಾರಕ್ಕೊಂದು ಎಂದು ಬರೆಸಿದರು. ಸಂಜೆಯ ತೇರ್ಸ್‌ಗೆ ಅವಳೂ ಕೂರುತ್ತಾಳೆ. ಮಾಂಯ್ ಕೊಂಕಣಿಯಲ್ಲಿ ನಮಾನ್ ಮರಿಯೆ ಶುರು ಮಾಡಿದರೆ ಅವಳು ಉಳಿದರ್ಧವನ್ನು ಹಿಂದಿಯ ಪ್ರಣಾಮ್ ಮರಿಯಾದಲ್ಲಿ ಮುಗಿಸುತ್ತಾಳೆ. ಹದಿನಾರಾದರೂ ಹದಿನೆಂಟಾದರೂ ಅವಳಿಗೆ ಬೇಸರವಿಲ್ಲ. ಮುಗಿದ ಮೇಲೆ ಬೆಸಾಂವ್ ಕೇಳುವುದನ್ನೂ ಕಲಿತಿದ್ದಾಳೆ, ಮಾಂಯ್ ಅವಳ ತಲೆ ಮುಟ್ಟಿ ತಮ್ಮ ತೀರಿಹೋದ ತಂಗಿಯ ಹೆಸರಿನಿಂದ ಕರೆಯುತ್ತಾರೆ. ಅವಳು ಓಗೊಡುತ್ತಾಳೆ.

ಭಾನುವಾರ ಏಳು ಗಂಟೆಯ ಪೂಜೆ ಅವಳದು, ಒಂಬತ್ತರದ್ದು ನನ್ನದು. ನನ್ನ ಗಂಡ ಶನಿವಾರ ಸಂಜೆಯೇ ಹೋಗಿ ಬಂದಿರುತ್ತಾರೆ. ಶನಿವಾರ ಸಂಜೆಯ ಪೂಜೆ ಭಾನುವಾರಕ್ಕೇ ಲೆಕ್ಕ. ಎಂಟೂಕಾಲಿಗೆ ಅವಳು ವಾಪಸು ಬರಬೇಕು. ಕೆಲವು ವಾರ ಅವಳ ಊರ ಕಡೆಯ ಹುಡುಗಿಯರು ಗೇಟಿನ ಬಳಿ ಸಿಗುತ್ತಾರೆ, ಅವರ ಭಾಷೆಯಲ್ಲಿ ಮಾತು ಶುರುವಾಗುತ್ತದೆ, ಒಂಬತ್ತೂವರೆಯಾದರೂ ಬರುವುದಿಲ್ಲ. ಆ ವಾರ ನಾನು ಸಂಜೆ ಆರರ ಪೂಜೆಗೆ ಹೋಗುತ್ತೇನೆ.